ಬೆಳಗಿನ ಮೊದಲ ನೀರು

ನನ್ನ ತಂಗಿಗೆ ಸಿಟ್ಟು ಬಂದರೆ ಕಡಲೂ ನಾಲ್ಕು ಮಾರು ಹಿಂದೆ ಸರಿಯುತ್ತದೆ ಎಂದು ನಾನು ಮೊಮ್ಮಕ್ಕಳಿಗೆ ಹೇಳುವುದುಂಟು. ಇಳಿತದ ಹೊತ್ತು ನೋಡಿಕೊಂಡು ಹೇಳುತ್ತೀಯ ಅಜ್ಜ ಎಂದು ಅವರು ನಗುತ್ತಾರೆ. ನಗಲಿ. ಅವಳ ಮರಿಗಳು ಸಾಯುತ್ತಿದ್ದ ಆ ಎರಡು ವರ್ಷ ಅವಳ ಎದುರು ಕೂತು ಊಟ ಮಾಡಿದವನು ನಾನು. ಕಡಲಿಗಾದರೆ ಸರಿಯಲು ಜಾಗವಿತ್ತು, ನನ್ನ ಕುರ್ಚಿಯ ಹಿಂದೆ ಗೋಡೆ.

ಮರಿ ಎಂದರೆ ಮನುಷ್ಯರ ಮಕ್ಕಳಲ್ಲ. ತಂಗಿ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಬಸಿರಿನ ಕೆಲಸ ಆಫೀಸಿನಲ್ಲೇ ಬೇಕಾದಷ್ಟಿದೆ, ಮನೆಗೂ ಹೊತ್ತು ತರಬೇಕೇ ಎನ್ನುತ್ತಿದ್ದಳು. ಅವಳ ಆಫೀಸು ಎಂದರೆ ದಡದ ಮೇಲಿನ ಸಂಶೋಧನಾ ಕೇಂದ್ರ. ಉದ್ದನೆಯ ಕಟ್ಟಡ, ತಗ್ಗು ಚಾವಣಿ, ಉಪ್ಪುಗಾಳಿಗೆ ಸಿಪ್ಪೆ ಎದ್ದ ಗೋಡೆ. ಒಳಗಿನ ಕಾರಿಡಾರಿನ ಕೊನೆಯ ಕೋಣೆ ಅವಳದು. ಅಲ್ಲಿ ಕೂತು ಕಡಲ ಮುಳ್ಳುಂಡೆಗಳ ಮೊಟ್ಟೆ ಹೇಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ ಎಂದು ನೋಡುತ್ತ ನೋಡುತ್ತ ತಲೆ ಬೆಳ್ಳಗೆ ಮಾಡಿಕೊಂಡಳು.

ಮುಳ್ಳುಂಡೆಯನ್ನು ನೀವು ಕಂಡಿರಲಿಕ್ಕಿಲ್ಲ. ಮುಷ್ಟಿ ಗಾತ್ರದ ಪ್ರಾಣಿ, ಮೈಯೆಲ್ಲ ಮುಳ್ಳು. ತಲೆಯಿಲ್ಲ, ಮುಖವಿಲ್ಲ, ಬಾಯಿ ನೆಲಕ್ಕೆ, ಆಸನ ಆಕಾಶಕ್ಕೆ. ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವುದು ಬಿಟ್ಟರೆ ಬೇರೆ ಉಸಾಬರಿ ಇಲ್ಲ. ಇದಕ್ಕಿಂತ ಸುಖದ ಬಾಳು ಯಾವುದಿದೆ ಎಂದು ಒಮ್ಮೆ ಕೇಳಿದ್ದೆ. ನೀನು ಬಾಳುತ್ತಿರುವುದು ಅದೇ ಅಲ್ಲವೇ ಎಂದಳು. ಕೇಂದ್ರದಲ್ಲಿ ಅವಳಿಗೆ ಮುಳ್ಳಕ್ಕ ಎಂದು ಹೆಸರು. ಪ್ರಾಣಿಯಿಂದ ಬಂದ ಹೆಸರು ಎಂದು ಅವಳು ತಿಳಿದಿದ್ದಳು. ತಿದ್ದಿ ಹೇಳುವ ಧೈರ್ಯ ಯಾರಿಗಿತ್ತು?

ಸಂಜೆ ಅವಳು ಕೆಲಸ ಮುಗಿಸಿ ಹೊರಟರೆ ಮೈಯ ಕಡಲ ವಾಸನೆಗೆ ಬೀದಿಯ ಬೆಕ್ಕುಗಳೆಲ್ಲ ಹಿಂದೆ ಸಾಲುಗಟ್ಟುತ್ತಿದ್ದವು. ಬಸ್ ಸ್ಟಾಪಿನವರೆಗೆ ಮೆರವಣಿಗೆ. ಒಮ್ಮೆ ಒಂದು ಕಂದು ಬೆಕ್ಕು ಬಸ್ಸನ್ನೇ ಹತ್ತಿತಂತೆ. ಕಂಡಕ್ಟರು ಟಿಕೆಟ್ ಕೇಳಿದರೆ ತಂಗಿಯ ಕಡೆ ಕೈ ತೋರಿಸಿತಂತೆ. ಇದನ್ನು ಹೇಳಿದವನು ಕಂಡಕ್ಟರೇ. ಅವನು ನನ್ನ ಅಂಗಡಿಯಲ್ಲೇ ಅಂಗಿ ಹೊಲಿಸುವವನು. ಅಳತೆ ಕೊಡುವಾಗಲೂ ಹೊಟ್ಟೆಯ ಬಗ್ಗೆ ಸುಳ್ಳು ಹೇಳುತ್ತಾನೆ, ಹಾಗಾಗಿ ನೀವು ಎಷ್ಟು ಬೇಕೋ ಅಷ್ಟು ನಂಬಿ.

ನಾನು ದರ್ಜಿ. ಹಾಗೆಂದೇ ಆ ಕೋಣೆಗೆ ನನಗೆ ಪ್ರವೇಶ. ಮುಳ್ಳುಂಡೆಯ ಮೊಟ್ಟೆಗಳನ್ನು ಕಸ ತೆಗೆದು ಸೋಸಲು ಸಣ್ಣ ಕಣ್ಣಿನ ಬಟ್ಟೆ ಬೇಕು. ಆ ಬಟ್ಟೆಯನ್ನು ಬಳೆಯಾಕಾರದ ಚೌಕಟ್ಟಿಗೆ ಸುಕ್ಕಿಲ್ಲದೆ ಹೊಲಿದು ಕೊಡುವವನು ನಾನೇ. ಎಂಥ ಬಟ್ಟೆ ಎಂದರೆ, ಉಳಿದ ತುಂಡಿನಲ್ಲಿ ಕರ್ಚೀಫು ಮಾಡಿಕೊಂಡು ಒಮ್ಮೆ ಸೀನಿದೆ, ಸೀನು ಹೊರಗೆ ಹೋಗದೆ ವಾಪಸು ಬಂತು.

ಮೊಟ್ಟೆ ತೆಗೆಯುವುದನ್ನು ಅಲ್ಲೇ ನೋಡಿದ್ದೆ. ಒಂದು ಬಗೆಯ ಉಪ್ಪಿನ ದ್ರಾವಣವನ್ನು ಸೂಜಿಯಲ್ಲಿ ಚುಚ್ಚಿ, ಪ್ರಾಣಿಯನ್ನು ಗಾಜಿನ ಲೋಟದ ಮೇಲೆ ತಲೆಕೆಳಗಾಗಿ ಕೂರಿಸುತ್ತಾಳೆ. ಹೆಣ್ಣಾದರೆ ಕಿತ್ತಳೆ ಬಣ್ಣದ ಪುಡಿಯಂತೆ ಮೊಟ್ಟೆಗಳು ನೀರಿಗಿಳಿಯುತ್ತವೆ, ಗಂಡಾದರೆ ಹಾಲಿನಂಥದ್ದು ಒಸರುತ್ತದೆ. ಎರಡನ್ನೂ ಸೇರಿಸಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ, ಒಂದೊಂದು ಮೊಟ್ಟೆಯ ಸುತ್ತಲೂ ತೆಳ್ಳಗೆ ಪೊರೆ ಏಳುತ್ತದೆ, ಒಳಗೆ ಬಂದಾಯಿತು, ಇನ್ನು ಬಾಗಿಲು ಹಾಕಿದೆ ಎನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಮೊಟ್ಟೆ ನಡುವೆ ಸೊಂಟ ಕಟ್ಟಿ ಎರಡಾಗುತ್ತದೆ. ಎರಡು ನಾಲ್ಕು, ನಾಲ್ಕು ಎಂಟು. ಆಮೇಲೆ ಒಳಗೆ ಟೊಳ್ಳಾದ ಚೆಂಡು. ಚೆಂಡಿನ ಒಂದು ಬದಿ ಬೆರಳಿಂದ ಒತ್ತಿದ ಹಾಗೆ ಒಳಕ್ಕೆ ಕುಸಿದು ಕರುಳಾಗುತ್ತದೆ. ಆ ಮೊದಲ ತೂತು ಬಾಯಿಯಲ್ಲ, ಹಿಂಬಾಗಿಲು. ಬಾಯಿ ಆಮೇಲೆ ಬರುತ್ತದೆ. ಮನುಷ್ಯರಲ್ಲೂ ಕ್ರಮ ಹೆಚ್ಚು ಕಡಿಮೆ ಇದೇ ಅಂತೆ.

"ಕೆಲವರು ಅಲ್ಲಿಂದ ಮುಂದೆ ಬೆಳೆಯೋದೇ ಇಲ್ಲ," ಎಂದಳು ತಂಗಿ, ಪಕ್ಕದ ಮೇಜಿನ ಕಡೆ ನೋಡುತ್ತ.

ಪಕ್ಕದ ಮೇಜಿನವನಿಗೆ ನಾವು ಇಟ್ಟ ಹೆಸರು ನಿಧಾನಪ್ಪ. ಅವನದೂ ಮುಳ್ಳುಂಡೆ ಕೆಲಸವೇ, ಮರಿಗಳ ಒಳಗಿನ ಎಲುಬುಕಡ್ಡಿ ಹೇಗೆ ಮೂಡುತ್ತದೆ ಎಂದು ನೋಡುವುದು. ಆದರೆ ಕೋಣೆಗೆ ಬರುವುದು ಬಿಸಿಲು ನೆತ್ತಿಗೇರಿದ ಮೇಲೆ. ಬಂದವನೇ ನಲ್ಲಿ ಪೂರ್ತಿ ತಿರುಗಿಸಿ ಬಿಡುತ್ತಾನೆ. ಅದು ಕಡಲಿನಿಂದಲೇ ಕೊಳವೆಯಲ್ಲಿ ಬರುವ ಉಪ್ಪುನೀರು. ಅದರಲ್ಲಿ ಮುಖ ತೊಳೆಯುತ್ತಾನೆ, ಕಾಲು ತೊಳೆಯುತ್ತಾನೆ, ಊಟದ ಡಬ್ಬಿ ತೊಳೆಯುತ್ತಾನೆ. ನಾಳೆ ಉಪ್ಪು ಕಡಿಮೆ ಹಾಕಿದರೆ ಸಾಕು ಎನ್ನುತ್ತಾನೆ. ಇಷ್ಟೆಲ್ಲ ಆದ ಮೇಲೆ ಹಾಡು ಗುನುಗುತ್ತ ತನ್ನ ಮೊಟ್ಟೆಗಳಿಗೆ ನೀರು ಹಿಡಿಯುತ್ತಾನೆ.

ತಂಗಿಯ ಕ್ರಮ ಬೇರೆ. ಸೂರ್ಯ ಮುಖ ತೊಳೆಯುವ ಮೊದಲೇ ಅವಳು ಕೋಣೆಯಲ್ಲಿರುತ್ತಿದ್ದಳು. ಬೆಳಗಿನ ಮೊದಲ ನೀರು, ಇನ್ನೂ ಯಾರ ಕೈಯೂ ತಾಗದ ನೀರು, ಅದೇ ಅವಳ ಮರಿಗಳಿಗೆ. ಕೋಣೆಯೊಳಗೆ ಸೋಪಿಗೆ ಪ್ರವೇಶವಿಲ್ಲ. ಗಾಜಿನ ಪಾತ್ರೆಗಳನ್ನು ಬಿಸಿನೀರಿನಲ್ಲಿ ಮಾತ್ರ ತೊಳೆಯಬೇಕು, ಸೋಪು ಒಮ್ಮೆ ಮುಟ್ಟಿದ ಪಾತ್ರೆ ಮೊಟ್ಟೆಗೆ ವಿಷ. ಮೊಟ್ಟೆಯ ಕಾಲ ಶುರುವಾದರೆ ಅವಳು ತನ್ನ ಕೈಗೂ ಸೋಪು ಹಾಕುತ್ತಿರಲಿಲ್ಲ, ತಲೆಗೂ ಎಣ್ಣೆ ಹಾಕುತ್ತಿರಲಿಲ್ಲ. ನನ್ನ ಮಗಳ ಮದುವೆ ಆ ಕಾಲದಲ್ಲೇ ಬಂತು. ಫೋಟೋದಲ್ಲಿ ನೋಡಿ, ಹುಡುಗಿಯ ಎಡಗಡೆ ಪೊರಕೆ ನಿಂತ ಹಾಗೆ ನಿಂತಿದ್ದಾಳಲ್ಲ, ಅವಳೇ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಮೊಟ್ಟೆ ಎರಡಾದ ಹೊತ್ತಿಗೆ ಆ ಎರಡು ಭಾಗಗಳನ್ನು ಬೇರೆ ಬೇರೆ ಮಾಡಿದರೆ, ಒಂದೊಂದು ಅರ್ಧವೂ ಅರ್ಧ ಮರಿಯಾಗುವುದಿಲ್ಲ, ಸಣ್ಣದಾದರೂ ಇಡೀ ಮರಿಯೇ ಆಗುತ್ತದೆ. ಇದು ಬಹಳ ಹಿಂದೆಯೇ ಬೇರೆ ಮುಳ್ಳುಂಡೆಗಳಲ್ಲಿ ಗೊತ್ತಾದ ಸಂಗತಿಯಂತೆ. ನಮ್ಮ ದಡದ ಜಾತಿಯಲ್ಲಿ ಯಾರೂ ಮಾಡಿರಲಿಲ್ಲ. ತಾನು ಮಾಡಬೇಕು, ಆ ಅರ್ಧ ಎಲ್ಲಿಂದ ತನ್ನ ಉಳಿದರ್ಧವನ್ನು ಹುಡುಕಿಕೊಳ್ಳುತ್ತದೆ ಎಂದು ತನ್ನ ಕಣ್ಣಲ್ಲೇ ನೋಡಬೇಕು ಎಂದು ಅವಳ ಹಟ.

ಆದರೆ ಅರ್ಧದ ಮಾತು ಹಾಗಿರಲಿ, ಇಡೀ ಮೊಟ್ಟೆಗಳೇ ಬೆಳೆಯುತ್ತಿರಲಿಲ್ಲ. ಚೆಂಡಿನವರೆಗೆ ಬರುತ್ತಿದ್ದವು. ಅಲ್ಲಿ ನಿಂತು, ಕಪ್ಪಾಗಿ, ಪುಡಿಯಾಗಿ ತಳಕ್ಕೆ ಬೀಳುತ್ತಿದ್ದವು. ಒಂದು ವರ್ಷದ ಮೊಟ್ಟೆಯ ಕಾಲ ಪೂರ್ತಿ ಹೀಗೇ ಹೋಯಿತು. ಎರಡನೆಯದೂ ಅರ್ಧ ಹೋಯಿತು. ಆಗ ನಿರ್ದೇಶಕರು ಒಮ್ಮೆ ಕೋಣೆಗೆ ಬಂದರು. ಮಾತು ಬಲು ಮೆತ್ತಗಿನ ಮನುಷ್ಯ. ಎಷ್ಟು ಮೆತ್ತಗೆ ಎಂದರೆ, ಬೈಸಿಕೊಂಡವನಿಗೆ ಬೈದದ್ದು ಗೊತ್ತಾಗುವುದು ಮನೆಗೆ ಹೋಗಿ ಚಪ್ಪಲಿ ಬಿಚ್ಚುವಾಗ.

"ಮುಳ್ಳಕ್ಕ, ಸೀಗಡಿ ಸಾಕೋರಿಗೆ ಜಾಗ ಸಾಲ್ತಿಲ್ಲ," ಎಂದರಂತೆ. "ಈ ಸಲ ಮೊಟ್ಟೆ ಕಾಲ ಮುಗಿಯೋದ್ರೊಳಗೆ ಅರ್ಧದಿಂದ ಆದ ಒಂದೇ ಒಂದು ಮರಿ ಈಜೋದು ತೋರಿಸಿ, ಸಾಕು. ಆಗ್ಲಿಲ್ಲ ಅಂದ್ರೆ ಕೋಣೆ ಅವರಿಗೆ ಬಿಟ್ಟುಕೊಡಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಅವಳು ಮಾಡಿಕೊಳ್ಳಲಿಲ್ಲ, ನಮಗೆ ಮಾಡಿದಳು. ಮೊದಲು ಸಿಕ್ಕಿಬಿದ್ದವಳು ನನ್ನ ಹೆಂಡತಿ. ಅತ್ತಿಗೆಯ ತಲೆಯೆಣ್ಣೆಯ ಆವಿ ತನ್ನ ಬಟ್ಟೆಗೆ ಹತ್ತಿ ಕೋಣೆಯವರೆಗೆ ಬರುತ್ತಿದೆ ಎಂದು, ಇಬ್ಬರ ಬಟ್ಟೆ ಒಣಗಿಸುವ ಹಗ್ಗ ಬೇರೆಯಾಯಿತು. ಆಮೇಲೆ ದೋಣಿಯವನು. ಮುಳ್ಳುಂಡೆ ಹಿಡಿದು ತರುವಾಗ ಬೀಡಿ ಸೇದುತ್ತಾನೆ ಎಂದು ಅವನ ಬಾಯಿ ಮೂಸಿದಳು. ಮೂವತ್ತು ವರ್ಷದಿಂದ ತನ್ನ ಹೆಂಡತಿಯೂ ಇಷ್ಟು ಹತ್ತಿರ ಬಂದಿಲ್ಲ ಎಂದು ಅವನು ನಕ್ಕ. ಆಮೇಲೆ ನನ್ನ ದಾರ. ದಾರದ ಗಂಜಿ ನೀರಿಗೆ ಬಿಡುತ್ತಿದೆ ಎಂದಳು. ಸೋಸುವ ಬಟ್ಟೆಗಳನ್ನೆಲ್ಲ ಬಿಚ್ಚಿ, ದಾರವನ್ನು ಕುದಿಸಿ, ಒಣಗಿಸಿ ಮತ್ತೆ ಹೊಲಿದೆ. ಕುದಿಸಿದ ದಾರ ಸೂಜಿಗೆ ಪೋಣಿಸುವಾಗ ಎಷ್ಟು ಸಲ ಮುರಿಯುತ್ತದೆ ಎಂದು ನನ್ನನ್ನು ಕೇಳಬೇಡಿ, ಆ ವಾರ ಆಡಿದ ಮಾತುಗಳನ್ನು ನಾನು ಮೊಮ್ಮಕ್ಕಳ ಮುಂದೆ ಹೇಳುವ ಹಾಗಿಲ್ಲ. ಮರಿಗಳು ಮತ್ತೆ ಸತ್ತವು.

ಇದೆಲ್ಲದರ ಮೇಲೆ ಉರಿಯುವ ಗಾಯಕ್ಕೆ ಉಪ್ಪು ಹಾಕಿದಂತೆ, ನಿಧಾನಪ್ಪನ ಮರಿಗಳು ದುಂಡಗೆ ಬೆಳೆಯುತ್ತಿದ್ದವು. ಅದೇ ಕೋಣೆ, ಅದೇ ದೋಣಿಯವನು ತಂದ ಪ್ರಾಣಿ, ಅದೇ ನಲ್ಲಿ. ಅವನ ಪಾತ್ರೆಯಲ್ಲಿ ಮರಿಗಳು ಕಾಲು ಮೇಲೆ ಮಾಡಿದ ಪುಟ್ಟ ಸ್ಟೂಲುಗಳ ಹಾಗೆ ತೇಲಾಡುತ್ತಿದ್ದವು. ಅವನು ಪಾತ್ರೆ ಅದಲು ಬದಲು ಮಾಡುತ್ತಿದ್ದಾನೆ ಎಂದು ತಂಗಿಗೆ ಗುಮಾನಿ ಬಂತು. ಹಗಲೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅವನು ಮಾಡಿದ್ದು ಎರಡೇ, ಆಕಳಿಕೆ ಮತ್ತು ನಿದ್ದೆ. ಕೊನೆಗೆ ಮರ್ಯಾದೆ ಬಿಟ್ಟು, ನೀನು ಬೇರೆ ಏನು ಮಾಡುತ್ತೀಯ ಹೇಳಪ್ಪ ಎಂದು ಅವನನ್ನೇ ಕೇಳಿದಳಂತೆ.

"ನಾನು ಏನೂ ಮಾಡಲ್ಲ ಅಂತ ನೀವೇ ತಾನೇ ಅಕ್ಕಾ ಎಲ್ಲರ ಹತ್ರ ಹೇಳೋದು," ಎಂದನಂತೆ ಅವನು. ಅದರಲ್ಲಿ ವ್ಯಂಗ್ಯವಿತ್ತೋ ನಿದ್ದೆಯಿತ್ತೋ ಅವಳಿಗೆ ತಿಳಿಯಲಿಲ್ಲ.

ಅಂದು ಮನೆಗೆ ಬಂದವಳು ಊಟದ ತಟ್ಟೆ ಸರಿಸಿ ಕೂತಳು. ನನ್ನ ಹೆಂಡತಿ ಏನೋ ಸಮಾಧಾನ ಹೇಳಲು ಹೋದಳು. ಅಷ್ಟು ಶುದ್ಧವಾಗಿ ಮಾಡಿದರೂ ಹೀಗಾಯಿತಲ್ಲ ಎಂದಳು. ಅದೇ ಮಾತು ತಂಗಿಗೆ ಚುಚ್ಚಿತು. ಕಾಲು ತೊಳೆದ ನೀರಲ್ಲಿ ಅವನ ಮರಿಗಳು ಆಡುತ್ತವೆ, ತಾನು ಮುಟ್ಟದೆ ಕಾಪಾಡಿದ ನೀರಲ್ಲಿ ತನ್ನವು ಸಾಯುತ್ತವೆ, ಇದೆಂಥ ನ್ಯಾಯ ಎಂದು ಗೋಡೆಯನ್ನು ಕೇಳಿದಳು. ಗೋಡೆ ನನ್ನ ಹಿಂದೆ ಇದ್ದದ್ದರಿಂದ ನನ್ನನ್ನೇ ಕೇಳಿದ ಹಾಗಾಯಿತು.

ಮೊಟ್ಟೆಯ ಕಾಲ ಮುಗಿಯುತ್ತ ಬಂತು. ದೋಣಿಯವನು ತರುವ ಪ್ರಾಣಿಗಳಲ್ಲಿ ಹೆಚ್ಚಿನವು ಆಗಲೇ ಖಾಲಿ. ಅಷ್ಟರಲ್ಲಿ ಅವಳಿಗೆ ಹಲ್ಲುನೋವು ಬಂತು. ಇಷ್ಟು ದಿನ ಕಚ್ಚಿದ್ದಕ್ಕೆ ಹಲ್ಲಿಗೂ ಬೇಸರ ಬಂದಿರಬೇಕು. ದವಡೆ ಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು, ಮಧ್ಯಾಹ್ನ ಕೋಣೆಗೆ ಹೋದಳು. ನಿಧಾನಪ್ಪ ಆಗಲೇ ಬಂದು ಎಂದಿನಂತೆ ನಲ್ಲಿ ಹರಿಬಿಟ್ಟು ಡಬ್ಬಿ ತೊಳೆಯುತ್ತಿದ್ದ. ಬೈಯಲು ಬಾಯಿ ತೆರೆಯುವ ಹಾಗಿಲ್ಲ. ಆ ಹರಿಯುವ ನೀರನ್ನೇ ರಪ್ಪನೆ ಹಿಡಿದು ಮೊಟ್ಟೆಗಳನ್ನು ಅದರಲ್ಲಿ ಬಿಟ್ಟು ಮನೆಗೆ ಬಂದು ಮಲಗಿದಳು.

ಮಾರನೆಯ ದಿನ ಸಂಜೆ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ನಾನು ಯಾರದೋ ಕೋಟಿನ ಕಾಲರು ಹಿಡಿದು ಕೂತಿದ್ದೆ.

"ಸತ್ತಿಲ್ಲ ಅಣ್ಣ," ಎಂದಳು. "ಒಂದೂ ಸತ್ತಿಲ್ಲ. ಹಳ್ಳ ಬಿದ್ದಿದೆ, ಕರುಳು ಮೂಡ್ತಿದೆ."

ಸಂತೋಷದ ವಿಷಯ ತಾನೇ ಎಂದೆ.

"ಏನು ಸಂತೋಷ? ಯಾಕೆ ಸತ್ತಿಲ್ಲ ಅಂತ ಗೊತ್ತಿಲ್ವಲ್ಲ."

"ಹಾಗಾದ್ರೆ ಇನ್ನೊಂದು ಹಲ್ಲು ಕೀಳಿಸ್ಕೊಂಡು ನೋಡು."

ಕೋಟಿನ ಮೇಲಿದ್ದ ಅಳತೆ ಪಟ್ಟಿ ಎತ್ತಿ ನನ್ನ ಮೇಲೆ ಎಸೆದಳು. ಆದರೆ ಎಸೆದ ಕೈ ಹಾಗೇ ನಿಂತಿತು. ಅವಳು ಅಂಗಡಿಯ ಬಾಗಿಲಿನ ಹಿತ್ತಾಳೆ ಹಿಡಿಯನ್ನು ನೋಡುತ್ತಿದ್ದಳು. ಉಪ್ಪುಗಾಳಿಗೆ ಹಸಿರುಗಟ್ಟಿದ ಹಿಡಿ. ನಾನು ಯಾವತ್ತೂ ಉಜ್ಜಿದವನಲ್ಲ.

ಈಗ ಆ ನಲ್ಲಿಯ ವಿಷಯ ಹೇಳಲೇಬೇಕು. ಕೋಣೆಯಲ್ಲಿ ಮೊದಲು ಇದ್ದದ್ದು ಪ್ಲಾಸ್ಟಿಕ್ ನಲ್ಲಿ. ಸೋರುತ್ತಿತ್ತು, ಗೊರಗುಡುತ್ತಿತ್ತು, ಒಮ್ಮೆ ಕೈಗೇ ಕಿತ್ತು ಬಂತು. ಹೊಸ ನಲ್ಲಿ ಬೇಕೆಂದು ವರ್ಷಗಟ್ಟಲೆ ನಿರ್ದೇಶಕರ ಬೆನ್ನು ಹತ್ತಿದವಳು ತಂಗಿಯೇ. ಕೊನೆಗೆ, ಮರಿಗಳು ಸಾಯತೊಡಗುವ ಸ್ವಲ್ಪ ಮೊದಲು, ಬಂದದ್ದು ಹಿತ್ತಾಳೆಯದು. ನಲ್ಲಿ, ಅದರ ಹಿಂದೆ ಒಂದು ಮೊಳ ಹಿತ್ತಾಳೆ ಕೊಳವೆ. ಇಷ್ಟು ವರ್ಷ ಕಾಡಿದ್ದಕ್ಕೆ ಸುಮ್ಮನೆ ಕೂರಿಸಿದರೆ ಚೆನ್ನಾಗಿರುವುದಿಲ್ಲ ಎಂದು ನಿರ್ದೇಶಕರು ಒಬ್ಬ ದೊಡ್ಡ ಮನುಷ್ಯರನ್ನು ಕರೆಸಿ ಉದ್ಘಾಟನೆ ಮಾಡಿಸಿದರು. ನಲ್ಲಿಗೆ ರಿಬ್ಬನ್ನು ಕಟ್ಟಿ, ಕತ್ತರಿಸಿ, ಮೇಲೆ ಗೋಡೆಗೆ ಹೆಸರಿನ ಕಲ್ಲು ಹಾಕಿಸಿದರು. ಆ ಕತ್ತರಿ ನನ್ನ ಅಂಗಡಿಯದು, ಇನ್ನೂ ವಾಪಸು ಬಂದಿಲ್ಲ. ತಂಗಿಗೆ ಆ ನಲ್ಲಿ ಎಂದರೆ ಪ್ರಾಣ. ಹಸಿರು ಹತ್ತಲು ಬಿಡದೆ ದಿನಾ ಸಂಜೆ ಬೂದಿ ಹಾಕಿ ತಿಕ್ಕಿ ಕನ್ನಡಿ ಮಾಡುತ್ತಿದ್ದಳು. ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡದ್ದನ್ನೂ ನಾನು ಕಂಡಿದ್ದೇನೆ.

ಅವಳು ಅಂಗಡಿಯಿಂದ ಸೀದಾ ಕೋಣೆಗೆ ಹೋದಳು. ಹೋಗಿ ನಲ್ಲಿಯ ಬಾಯಿಗೆ ನಾಲಿಗೆ ಹಚ್ಚಿ ನೆಕ್ಕಿದಳಂತೆ. ಪಕ್ಕದ ಮೇಜಿನಲ್ಲಿ ಎಚ್ಚರಗೊಂಡ ನಿಧಾನಪ್ಪ ಇದನ್ನು ನೋಡಿ, ಕೆಲಸದ ಒತ್ತಡ ಮನುಷ್ಯರನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದನಂತೆ. ಬಾಯಲ್ಲಿ ನಾಣ್ಯ ಇಟ್ಟುಕೊಂಡ ರುಚಿ. ಹಿತ್ತಾಳೆಯಲ್ಲಿ ತಾಮ್ರವಿದೆ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ಉಪ್ಪುನೀರು ಆ ತಾಮ್ರವನ್ನು ಹೀರಿಕೊಂಡಿರುತ್ತದೆ. ಮನುಷ್ಯರಿಗೆ ಅಷ್ಟು ತಾಮ್ರ ಲೆಕ್ಕಕ್ಕಿಲ್ಲ, ಮುಳ್ಳುಂಡೆಯ ಮರಿಗೆ ಅದು ಸಾವು. ನಿಂತ ನೀರೆಲ್ಲ ಹರಿದುಹೋದ ಮೇಲೆ ಬರುವುದು ಬರೀ ಕಡಲು. ಕಾಲು, ಮುಖ, ಡಬ್ಬಿ ತೊಳೆದು ನಿಧಾನಪ್ಪ ಹಿಡಿಯುತ್ತಿದ್ದದ್ದು ಅದನ್ನು. ಯಾರೂ ಮುಟ್ಟದ ಮೊದಲ ನೀರು ಎಂದು ತಂಗಿ ಜೋಪಾನವಾಗಿ ತನ್ನ ಮರಿಗಳಿಗೆ ಕೊಡುತ್ತಿದ್ದದ್ದು ವಿಷ. ಹಸಿರು ಹತ್ತಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು. ಅದನ್ನೂ ತಿಕ್ಕಿ ತೆಗೆದವಳು ಅವಳೇ.

ಮಾರನೆಯ ಬೆಳಿಗ್ಗೆ ಒಂದು ಲೋಟದಲ್ಲಿ ಮೊದಲ ನೀರು, ಇನ್ನೊಂದರಲ್ಲಿ ಬಹಳ ಹೊತ್ತು ಹರಿಬಿಟ್ಟ ಮೇಲಿನ ನೀರು ಹಿಡಿದು ಒಂದೇ ತಾಯಿಯ ಮೊಟ್ಟೆಗಳನ್ನು ಹಂಚಿ ಬಿಟ್ಟಳು. ಮೊದಲ ನೀರಿನವು ಕಪ್ಪಾದವು. ಸಂದೇಹ ಉಳಿಯಲಿಲ್ಲ. ಸಂತೋಷವೂ ಉಳಿಯಲಿಲ್ಲ. ಮನೆಗೆ ಬಂದು, ಎರಡು ವರ್ಷ ಬೇರೆಯವರ ಬಾಯಿ ಮೂಸಿದೆನಲ್ಲ ಎಂದಷ್ಟೇ ಹೇಳಿ ಅತ್ತಿಗೆಯ ಹಗ್ಗಕ್ಕೆ ತನ್ನ ಬಟ್ಟೆ ಹಾಕಿದಳು. ನನ್ನ ಹೆಂಡತಿ ಅದನ್ನೇ ಕ್ಷಮೆ ಎಂದು ತೆಗೆದುಕೊಂಡಳು. ಕುದಿಸಿದ ದಾರದ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ದೋಣಿಯವನು ಕೊನೆಯ ಸಲ ತಂದ ಬುಟ್ಟಿಯಲ್ಲಿ ಒಂದೇ ಒಂದು ಹೆಣ್ಣು ಮೊಟ್ಟೆ ಕೊಟ್ಟಿತು, ಅದೂ ಚಿಟಿಕೆಯಷ್ಟು. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಬಿಟ್ಟರೆ ಸಾಕಾಗಿತ್ತು, ಆದರೆ ಅದರ ಒಂದು ಹನಿಯನ್ನೂ ಇನ್ನು ನಂಬುವುದಿಲ್ಲ ಎಂದು ತಂಗಿ ದಡಕ್ಕೆ ಹೋಗಿ ತಾನೇ ಬಕೆಟ್ಟಿನಲ್ಲಿ ನೀರು ತಂದಳು. ಮೊಟ್ಟೆ ಎರಡಾಗುವ ಹೊತ್ತಿಗೆ ಸುಣ್ಣದ ಅಂಶ ತೆಗೆದ ಉಪ್ಪುನೀರಿಗೆ ಹಾಕಿದಳು. ಆ ನೀರಿನಲ್ಲಿ ಎರಡು ಕೋಶಗಳ ನಡುವಿನ ಅಂಟು ಬಿಡುತ್ತದೆ. ಮೆಲ್ಲಗೆ ಅಲುಗಿಸಿದರೆ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಬೇರೆಯಾಗುತ್ತವೆ. ಹೆಚ್ಚಿನವು ಒಡೆದವು. ಉಳಿದ ಕೆಲವನ್ನು ಒಂದೊಂದಾಗಿ ಬೇರೆ ಬೇರೆ ಬಟ್ಟಲಿಗೆ ಬಿಟ್ಟಳು. ನಿರ್ದೇಶಕರಿಗೆ ತೋರಿಸುವ ದಿನ ನನ್ನನ್ನೂ ಕರೆದಳು. ಸೋಸುವ ಬಟ್ಟೆ ತರಲು ಎಂದಳು. ಬಟ್ಟೆ ಅವಳ ಹತ್ತಿರ ಬೇಕಾದಷ್ಟಿತ್ತು.

ನಾನೂ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದು ಮೊಟ್ಟೆಯ ಎರಡು ಅರ್ಧ, ಎರಡು ಬಟ್ಟಲು, ಎರಡರಲ್ಲೂ ಕಾಲು ಮೇಲೆ ಮಾಡಿದ ಸ್ಟೂಲು. ಯಾವ ಕಾಲೂ ಕಡಿಮೆಯಿಲ್ಲ. ಗಾತ್ರ ಮಾತ್ರ ಸಣ್ಣದು, ಅಳತೆಗಿಂತ ಒಂದು ಸೈಜು ಕಡಿಮೆ ಹೊಲಿದ ಹಾಗೆ.

ನಿರ್ದೇಶಕರು ಬಹಳ ಹೊತ್ತು ನೋಡಿದರು. ಕೋಣೆ ನಿಮ್ಮದೇ ಎಂದರು. ಸೀಗಡಿಯವರಿಗೆ ಬೇರೆ ಕಡೆ ನೋಡುತ್ತೇನೆ ಎಂದರು. ತಂಗಿ ಅಷ್ಟಕ್ಕೆ ಬಿಡದೆ, ಹಾಗಾದರೆ ನಾಳೆಯೇ ಆ ನಲ್ಲಿ ತೆಗೆಸಿ ಹಳೆಯ ಪ್ಲಾಸ್ಟಿಕ್ಕಿನದು ಹಾಕಿಸಿಬಿಡಿ ಎಂದಳು. ನಿರ್ದೇಶಕರು ಗೋಡೆಯ ಕಲ್ಲಿನ ಕಡೆ ನೋಡಿದರು.

"ಅದೊಂದು ಆಗಲ್ಲ ಮುಳ್ಳಕ್ಕ," ಎಂದರು, ಮತ್ತಷ್ಟು ಮೆತ್ತಗೆ. "ಉದ್ಘಾಟನೆ ಆಗಿರೋ ನಲ್ಲಿ. ಅವರು ಮತ್ತೆ ಬಂದಾಗ ಎಲ್ಲಿ ಅಂತ ಕೇಳಿದ್ರೆ ನಾನೇನು ಹೇಳ್ಲಿ?"

"ಮರಿಗಳು ಸಾಯ್ತಾವೆ ಅಂತ ಹೇಳಿ ಸಾರ್."

"ಅವರು ಮೊಟ್ಟೆ ಇಟ್ಟಿಲ್ಲವಲ್ಲಮ್ಮ, ಅವರಿಗೆ ಹೇಗೆ ಅರ್ಥ ಆಗಬೇಕು. ನೀವು ಹೇಗೂ ಬಕೆಟ್ಟಿನಲ್ಲಿ ತರ್ತಿದ್ದೀರಲ್ಲ, ಚೆನ್ನಾಗೇ ನಡೀತಿದೆ."

ಹಾಗಾಗಿ ನನ್ನ ತಂಗಿ ಕೆಲಸದಲ್ಲಿ ಉಳಿದಷ್ಟು ವರ್ಷವೂ ದಿನಾ ಬೆಳಿಗ್ಗೆ ದಡಕ್ಕೆ ಹೋಗಿ, ಬಕೆಟ್ಟು ತುಂಬಿಸಿ, ಮೆಟ್ಟಿಲು ಹತ್ತಿ, ಕಾರಿಡಾರು ದಾಟಿ, ಆ ನಲ್ಲಿಯ ಮುಂದೆಯೇ ಹಾದು ತನ್ನ ಮೇಜಿಗೆ ಹೋದಳು. ನಲ್ಲಿಯನ್ನು ಮತ್ತೆಂದೂ ತಿಕ್ಕಲಿಲ್ಲ. ಅದು ಹಸಿರಾಯಿತು, ಆಮೇಲೆ ಪಾಚಿ ಬಣ್ಣವಾಯಿತು. ಆ ದೊಡ್ಡ ಮನುಷ್ಯರು ಮತ್ತೆ ಬರಲೇ ಇಲ್ಲ. ನಿಧಾನಪ್ಪ ಡಬ್ಬಿ ತೊಳೆಯುವುದನ್ನು ನಿಲ್ಲಿಸಲಿಲ್ಲ. ಬಕೆಟ್ಟು ಹೊತ್ತು ಹೊತ್ತು ಅವಳ ಬಲಗೈ ಎಡಗೈಗಿಂತ ಉದ್ದವಾಗಿದೆ. ಇದು ಉತ್ಪ್ರೇಕ್ಷೆ ಎಂದು ಮೊಮ್ಮಕ್ಕಳು ಹೇಳುತ್ತಾರೆ. ಅವಳ ರವಿಕೆಯ ತೋಳಿನ ಅಳತೆ ನನ್ನ ಹತ್ತಿರ ಇದೆ.

ಅವಳು ನಿವೃತ್ತಿಯಾದ ದಿನ ಅದೇ ಕೋಣೆಯಲ್ಲಿ ಹೊಸ ನಿರ್ದೇಶಕರು ಒಂದು ಭಾರದ ಪೆಟ್ಟಿಗೆ ಕೊಟ್ಟರು. ಮುಳ್ಳಕ್ಕ ಆ ಕೋಣೆಗೆ ಹೊಸ ನಲ್ಲಿಗಾಗಿ ಎಷ್ಟು ಹೋರಾಡಿದರು ಎಂದು ಯಾರೋ ಅವರಿಗೆ ಅರ್ಧ ಕಥೆ ಹೇಳಿದ್ದರು. ಹಿಂದಿನ ರಾತ್ರಿ ಕೋಣೆಗೆ ಹೊಸ ಬಣ್ಣ ಹೊಡೆಸುವಾಗ ನಲ್ಲಿಯನ್ನು ಬಿಚ್ಚಿಸಿ, ಚಿನ್ನದ ಹಾಗೆ ಪಾಲಿಶ್ ಮಾಡಿಸಿ, ಮರದ ಹಲಗೆಗೆ ಕೂರಿಸಿ ನೆನಪಿನ ಕಾಣಿಕೆ ಮಾಡಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಧಾನಪ್ಪ ತಡವಾಗಿ ಬಂದು ತಡವಾಗಿ ತಟ್ಟಿದ. ತಂಗಿ ಪೆಟ್ಟಿಗೆಯೊಳಗೆ ನೋಡಿದಳು, ಗೋಡೆಯಲ್ಲಿ ಅದಿದ್ದ ಜಾಗ ನೋಡಿದಳು. ಅಲ್ಲಿ ಈಗ ಪ್ಲಾಸ್ಟಿಕ್ ನಲ್ಲಿ ಇತ್ತು. ಆವತ್ತೇ ಹಾಕಿದ್ದು.

ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದಳು. ಬೆಕ್ಕುಗಳೂ ದೂರ ಉಳಿದವು. ಈಗ ಆ ನಲ್ಲಿ ಮನೆಯಲ್ಲಿ ಅವಳ ಕೋಣೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡುವ ವಸ್ತು. ಬೆಳಗಾಗುವ ಮೊದಲು ಬಚ್ಚಲಿಗೆ ಹೋಗುವಾಗ ನನ್ನ ಕಾಲ ಹೆಬ್ಬೆರಳು ಅದಕ್ಕೆ ತಾಗುತ್ತದೆ. ನಾನು ಬಯ್ಯುತ್ತೇನೆ. ಒಳಗಿನಿಂದ ಅವಳೂ ಬಯ್ಯುತ್ತಾಳೆ. ನನ್ನನ್ನಲ್ಲ, ಅದನ್ನು.